ಹೃದಯದ ಸೋಂಕು, ಮಿದುಳಿನ ಗುಳ್ಳೆ



ನೆರವು ನಿಧಿಯ ಅರ್ಜಿಗಳನ್ನು ನೋಡುವ ವೈದ್ಯನಾದ ನನ್ನನ್ನು ಹಲವರು ಕೇಳುವುದುಂಟು: ಹೃದಯದ ರೋಗಿಗೆ ಮಿದುಳಿನ ಆಂಜಿಯೋಗ್ರಾಂ ಖರ್ಚು ಏಕೆ? ನ್ಯಾಯವಾದ ಪ್ರಶ್ನೆಯೇ.

ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಟ್ಟವರು ನಮ್ಮ ದೇಶದಲ್ಲಿ ಇನ್ನೂ ಬಹಳ. ವಸಡಿನಿಂದಲೋ ಗಾಯದಿಂದಲೋ ರಕ್ತಕ್ಕಿಳಿದ ಬ್ಯಾಕ್ಟೀರಿಯಾ ಅಂಥ ಒರಟು ಕವಾಟದ ಮೇಲೆ ಕೂತು ಗಂಟು ಕಟ್ಟುತ್ತವೆ. ಇದೇ ಎಂಡೋಕಾರ್ಡೈಟಿಸ್. ಗಂಟಿನ ಚೂರೊಂದು ಕಳಚಿ ಮಿದುಳಿಗೆ ಹೋದರೆ, ಸಾಮಾನ್ಯವಾಗಿ ಅಪಧಮನಿಯ ತುದಿಯ ಸಣ್ಣ ಕವಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸೋಂಕು ನಾಳದ ಗೋಡೆಯನ್ನೇ ತಿನ್ನುತ್ತದೆ. ಸವೆದ ಜಾಗ ಹಳೆಯ ಸೈಕಲ್ ಟ್ಯೂಬಿನಂತೆ ಉಬ್ಬುತ್ತದೆ. ಒಡೆದರೆ ಮಿದುಳಿನಲ್ಲಿ ರಕ್ತಸ್ರಾವ. 1885ರಲ್ಲಿ ವಿಲಿಯಂ ಆಸ್ಲರ್ ಇಂಥದ್ದನ್ನು 'ಮೈಕೋಟಿಕ್' ಎಂದರು. ಆ ಪದ ಬೂಷ್ಟನ್ನು ನೆನಪಿಸುತ್ತದೆ, ಕಾರಣ ಮಾತ್ರ ಹೆಚ್ಚಾಗಿ ಬ್ಯಾಕ್ಟೀರಿಯಾ. ಹೆಸರು ಹಾಗೇ ಅಂಟಿಕೊಂಡಿದೆ!

ಚಿಕಿತ್ಸೆ ಎಂದರೆ ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳದ ಮೂಲಕ ಆಂಟಿಬಯೋಟಿಕ್. ಕೆಲವು ಗುಳ್ಳೆಗಳು ಅದರಿಂದಲೇ ಕುಗ್ಗುತ್ತವೆ, ಕೆಲವು ಔಷಧದ ನಡುವೆಯೂ ಬೆಳೆಯುತ್ತವೆ. ಅದಕ್ಕೇ ಮತ್ತೆ ಮತ್ತೆ ಸ್ಕ್ಯಾನ್. ಒಡೆದದ್ದಕ್ಕೆ ಕಾಯಿಲ್ ಅಥವಾ ಶಸ್ತ್ರಕ್ರಿಯೆ.

ಮನೆಯಲ್ಲಿ ಕವಾಟದ ತೊಂದರೆಯವರಿದ್ದರೆ, ಬಿಡದ ಜ್ವರಕ್ಕೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಕೊಡಬೇಡಿ. ಮೊದಲು ರಕ್ತದ ಕಲ್ಚರ್ ಆಗಲಿ. ಮಾತ್ರೆ ನುಂಗಿದ ಮೇಲೆ ಕ್ರಿಮಿ ಪರೀಕ್ಷೆಗೆ ಸಿಗದೇ ಹೋಗಬಹುದು. ಜ್ವರದ ಜೊತೆ ತೀವ್ರ ತಲೆನೋವು, ತೊದಲು, ಕೈ ಸೋಲುವಿಕೆ ಕಂಡರೆ ತಕ್ಷಣ ಆಸ್ಪತ್ರೆ.

ಈಗ ನಮ್ಮ ಮುಂದಿರುವುದು ಹುಬ್ಬಳ್ಳಿ ಕಡೆಯಿಂದ ದುಡಿಯಲು ಬಂದ ಯುವಕನ ಅರ್ಜಿ. ಔಷಧದ ಮೂರನೇ ವಾರ ನಡೆದಿದೆ. ಎರಡನೇ ಆಂಜಿಯೋಗ್ರಾಂ ಹಣಕ್ಕಾಗಿ ನಿಂತಿದೆ.