ಬಣವೆ ಒಟ್ಟುವ ಸಾಮಾನುಗಳು

ಬೇಸಿಗೆಯಲ್ಲಿ ನಮ್ಮ ಹಸು ಏನು ತಿನ್ನುತ್ತೆ? ಹಿತ್ತಿಲ ಬಣವೆಯ ಹುಲ್ಲು ತಿನ್ನುತ್ತೆ. ಸುಗ್ಗಿಯಲ್ಲಿ ಒಟ್ಟಿದ ಹುಲ್ಲು, ಮಳೆ ಬಂದು ಹಸಿರು ಚಿಗುರುವ ತನಕ ಬರಬೇಕು. ನಡುವೆ ಹುಲ್ಲು ಕೆಟ್ಟರೆ ಕೊಂಡು ಹಾಕಬೇಕು. ಕೊಳ್ಳೋಕೆ ಸಾಲ ಮಾಡಬೇಕು. ಇಲ್ಲವೇ ಹಸು ಮಾರಬೇಕು.

ತೆನೆ ಸಮೇತ ಒಟ್ಟಿದರೆ ಅದು ಮೆದೆ. ಕಾಳು ಬೇರೆ ಮಾಡಿ ಬರೀ ಹುಲ್ಲು ಒಟ್ಟಿದರೆ ಬಣವೆ. ಉತ್ತರ ಕರ್ನಾಟಕದಲ್ಲಿ ಬಣವಿ ಅಂತಾರೆ. ಮಲೆನಾಡಿನಲ್ಲಿ ಗೊಣಬೆ. ಹೆಸರು ಬೇರೆ, ಕೆಲಸ ಒಂದೇ. ಒಳಗೆ ನೀರು ಇಳಿಯಬಾರದು.

ಮೊದಲು ತಳ ನೋಡೋಣ. ಬರೀ ನೆಲದ ಮೇಲೆ ಹುಲ್ಲು ಹಾಕಿದರೆ ಕೆಳಗಿನ ಹುಲ್ಲು ತೇವ ಕುಡಿಯುತ್ತೆ. ಗೆದ್ದಲು ಹತ್ತುತ್ತೆ. ಅದಕ್ಕೇ ನಮ್ಮ ಹಿರಿಯರು ಕಲ್ಲು ಜೋಡಿಸಿ, ಮೇಲೆ ಹಳೇ ಮರದ ತುಂಡು ಅಡ್ಡಡ್ಡ ಇಡುತ್ತಿದ್ದರು. ಕೆಳಗೆ ಗಾಳಿ ಆಡಬೇಕು. ಅಷ್ಟಾದರೆ ಸಾಕು.

ಆಮೇಲೆ ಕವೆಗೋಲು. ಇದನ್ನು ಅಂಗಡಿಯಲ್ಲಿ ಕೊಳ್ಳುತ್ತಿರಲಿಲ್ಲ. ಮರದಲ್ಲಿ ಎರಡು ಕವಲು ಒಡೆದ ನೇರ ಕೊಂಬೆ ಹುಡುಕಿ ಕಡಿಯುತ್ತಿದ್ದರು. ತೊಗಟೆ ಸುಲಿದು, ನೆರಳಲ್ಲಿ ಒಣಗಿಸಿ, ಕವಲಿನ ತುದಿ ಚೂಪು ಮಾಡುತ್ತಿದ್ದರು. ಹಿಡಿ ಸವೆದು ನುಣುಪಾದ ಕವೆಗೋಲು ಕೈಗೆ ಹಿತ. ಬಣವೆ ಎದೆಮಟ್ಟ ಇರುವಾಗ ಕೈಯಲ್ಲೇ ಹುಲ್ಲು ಕೊಡಬಹುದು. ಆಳೆತ್ತರ ದಾಟಿದ ಮೇಲೆ ಕವೆಗೋಲು ಬೇಕೇ ಬೇಕು. ಕಂತೆಗೆ ಚುಚ್ಚಿ, ಕೋಲನ್ನು ಮೈಗೆ ಹತ್ತಿರ ಇಟ್ಟುಕೊಂಡು, ಮೊಣಕಾಲು ಮಡಿಸಿ ಎತ್ತಬೇಕು. ಕೈ ಚಾಚಿ ಎತ್ತಿದರೆ ಭಾರವೆಲ್ಲ ಸೊಂಟಕ್ಕೆ. ಬಣವೆ ಚೆನ್ನಾಗಿ ಬಂದರೆ ಮೇಲೆ ನಿಂತವನಿಗೆ ಹೆಸರು. ಕೆಳಗೆ ದಿನವಿಡೀ ಎತ್ತಿ ಕೊಟ್ಟ ನಮಗೆ ಸೊಂಟನೋವು!

ಮೇಲಿನ ಕೆಲಸದಲ್ಲೂ ಜಾಣತನ ಇದೆ. ಬಣವೆಯ ನಡು ಯಾವಾಗಲೂ ಎತ್ತರ ಇರಬೇಕು. ಹುಲ್ಲಿನ ತುದಿ ಹೊರಗೆ, ಕೆಳಮುಖವಾಗಿ ಬಾಗಿರಬೇಕು. ಆಗ ಮಳೆನೀರು ಹೆಂಚಿನ ಮೇಲೆ ಜಾರಿದ ಹಾಗೆ ಜಾರುತ್ತೆ. ನಡು ತಗ್ಗಾದರೆ ನೀರು ಒಳಗೇ ಹೋಗುತ್ತೆ. ಕೊನೆಗೆ ನೆತ್ತಿ ಚೂಪು ಮಾಡಿ, ಹುಲ್ಲಿನಿಂದಲೇ ಹೊಸೆದ ಹುರಿಯನ್ನು ಮೇಲೆ ಎಳೆದು, ಎರಡೂ ತುದಿಗೆ ಕಲ್ಲು ಕಟ್ಟಿ ಬಿಡಬೇಕು. ಗಾಳಿಗೆ ಹಾರಲ್ಲ.

ಹುಲ್ಲು ಹಿರಿಯೋಕೆ ಕೊಕ್ಕೆ ಕೋಲು. ಒಂದೇ ಕಡೆ ಬುಡದಲ್ಲಿ ಹಿರಿದು ಗವಿ ಮಾಡಬೇಡಿ. ಬಣವೆ ಮೈಮೇಲೆ ಬಿದ್ದೀತು. ಮಕ್ಕಳಂತೂ ಆ ಗವಿಯಲ್ಲಿ ಆಡಲೇಬಾರದು.

ಹಸಿ ಹುಲ್ಲು ಒಟ್ಟಿದರೆ ಏನಾಗುತ್ತೆ? ಬೂಷ್ಟು ಬರುತ್ತೆ. ಬೂಷ್ಟು ಹಿಡಿದ ಭತ್ತದ ಹುಲ್ಲು ತಿಂದ ಎಮ್ಮೆಗಳಿಗೆ ಕಾಲು, ಬಾಲ, ಕಿವಿಯ ತುದಿ ಕೊಳೆಯುವ ರೋಗ ಬರಬಹುದು. ಅದಕ್ಕೆ ಡೆಗ್ನಾಲಾ ರೋಗ ಅಂತಾರೆ. ಪಂಜಾಬಿನ ದೇಗ್ ನಾಲೆಯ ಸುತ್ತ ಮೊದಲು ಕಂಡಿತು, ಅದಕ್ಕೇ ಆ ಹೆಸರು. ಕಪ್ಪಾದ, ಮುಗ್ಗಲು ವಾಸನೆಯ ಹುಲ್ಲನ್ನು ತಿಪ್ಪೆಗೆ ಹಾಕಿ. ಹೊಟ್ಟೆ ಉರಿದರೂ ಹಾಕಿ.

ಇನ್ನೊಂದು ಅಪಾಯ ಕಾವು. ಹಸಿ ಹುಲ್ಲು ಒಳಗೊಳಗೇ ಬಿಸಿಯಾಗುತ್ತೆ. ಯಾರೂ ಕಡ್ಡಿ ಗೀರದೆ ಬೆಂಕಿ ಹತ್ತಬಹುದು. ಅನುಮಾನ ಬಂದರೆ ಉದ್ದನೆ ಕಬ್ಬಿಣದ ಸರಳನ್ನು ಬಣವೆಯ ಒಳಕ್ಕೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಎಳೆಯಿರಿ. ಹಿಡಿಯಲಾಗದಷ್ಟು ಬಿಸಿ ಇದ್ದರೆ ಬಣವೆಯ ಮೇಲೆ ಹತ್ತಬೇಡಿ. ಒಳಗೆ ಸುಟ್ಟು ಟೊಳ್ಳಾಗಿರಬಹುದು. ತಕ್ಷಣ ಕೆದಕಲೂ ಬೇಡಿ. ಗಾಳಿ ಸಿಕ್ಕರೆ ಉರಿ ಏಳುತ್ತೆ. ದನಗಳನ್ನು ದೂರ ಕಟ್ಟಿ, 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ.

ಈಗ ಯಂತ್ರ ಬಂದಿದೆ. ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಓಡುತ್ತಾ ಭತ್ತದ ಹುಲ್ಲನ್ನು ಒತ್ತಿ, ದಾರ ಸುತ್ತಿ, ಕಟ್ಟು ಮಾಡಿ ಬಿಸಾಡುತ್ತೆ. ಇಂಗ್ಲೆಂಡ್, ಅಮೆರಿಕದಲ್ಲಿ ಇಂಥ ಯಂತ್ರ 1940ರ ನಂತರ ಹರಡಿತು. ಅಲ್ಲೂ ಕಟ್ಟುಗಳನ್ನು ಗಾಡಿಗೆ ಎತ್ತಿದ್ದು ಉದ್ದ ಹಿಡಿಯ, ಎರಡು ಹಲ್ಲಿನ ಕವೆಗೋಲೇ. ಹಲ್ಲು ಮಾತ್ರ ಕಬ್ಬಿಣದ್ದು.

ಕಟ್ಟು ಒಂದಕ್ಕೆ 15ರಿಂದ 25 ಕಿಲೋ ತೂಗಬಹುದು. ಭಾರದ್ದನ್ನು ಇಬ್ಬರು ಸೇರಿ ಎತ್ತಿ. ಕಟ್ಟು ಬಿಗಿ ಇರುವುದರಿಂದ ಒಳಗೆ ನೆಂದರೆ ಬೇಗ ಒಣಗಲ್ಲ. ಅದಕ್ಕೂ ಕಲ್ಲು ಮರದ ತಳ ಬೇಕು, ಮೇಲೆ ಹೊದಿಕೆ ಬೇಕು. ಚೌಕದ ಕಟ್ಟಾದರೆ ಗೋಡೆಗೆ ಇಟ್ಟಿಗೆ ಇಟ್ಟ ಹಾಗೆ ಸಂದು ತಪ್ಪಿಸಿ ಜೋಡಿಸಿ. ಒಂದರ ಮೇಲೊಂದು ನೇರ ಇಟ್ಟರೆ ಜರುಗಿ ಬೀಳುತ್ತೆ.

ಓದಿ, ಬರೆಯಿರಿ: ಬಣವೆ, ಕವೆಗೋಲು, ಕೊಕ್ಕೆ, ಹುರಿ, ಕಂತೆ.
ನಿಮ್ಮ ಊರಲ್ಲಿ ಬಣವೆಗೆ ಏನಂತಾರೆ? ಕವೆಗೋಲಿಗೆ ಯಾವ ಮರ ಕಡಿಯುತ್ತಿದ್ದರು? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.