ಕೀಲಿಮಣೆಗೆ ಮಣಿಯುವ ಕಿಟಕಿಗಳು

ಗಣಕಯಂತ್ರದ ತೆರೆಯ ಮೇಲೆ ಒಂದೊಂದು ಕೆಲಸಕ್ಕೂ ಒಂದೊಂದು ಕಿಟಕಿ ತೆರೆದುಕೊಳ್ಳುತ್ತದೆ. ಅವುಗಳಿಗೆ ಸ್ಥಳ ಹಂಚಿಕೊಡುವ ತಂತ್ರಾಂಶವೇ ಕಿಟಕಿ ನಿರ್ವಾಹಕ. 2006ರಲ್ಲಿ ಆನ್ಸೆಲ್ಮ್ ಗಾರ್ಬೆ ಹೊರತಂದ ‘ಡಿಡಬ್ಲ್ಯುಎಂ’ ಅಂಥದೊಂದು. ಅದರ ಮೂಲಬರಹ 2000 ಸಾಲುಗಳನ್ನು ಮೀರಬಾರದೆಂಬುದು ಅದನ್ನು ರಚಿಸಿದವರ ನಿಯಮ. ತಿಕೋಟಾ ಸೀಮೆಯ ದ್ರಾಕ್ಷಿತೋಟದ ಸಾಲುಗಳಂತೆ ಇಲ್ಲಿನ ಕಿಟಕಿಗಳು ಸಾಮಾನ್ಯವಾಗಿ ಒಂದರ ಮೇಲೊಂದು ಬೀಳವು. ಮುಖ್ಯವಾದುದು ಎಡಕ್ಕೆ, ಉಳಿದವು ಬಲಕ್ಕೆ. ಆಲ್ಟ್ ಕೀಲಿಯೊಡನೆ ‘ಜೆ’ ಒತ್ತಿದರೆ ಮುಂದಿನ ಕಿಟಕಿ, ‘ಕೆ’ ಒತ್ತಿದರೆ ಹಿಂದಿನದು, ಮೌಸನ್ನು ಮುಟ್ಟಬೇಕಾಗಿಲ್ಲ. ಕೀಲಿಗಳನ್ನು ಬಾಯಿಪಾಠ ಮಾಡದವನಿಗೆ ಮಾತ್ರ ಅದು ಬರಿಯ ಖಾಲಿ ತೆರೆ. ಇದು ಸಣ್ಣ ತೊಡಕಲ್ಲ. ವಿಜಯಪುರದಲ್ಲಿ ಬೆರಳಚ್ಚು ಕಲಿತವನ ಬೆರಳಿಗೆ ಅದು ಬೇಗನೆ ಒಗ್ಗೀತು. ಬಬಲೇಶ್ವರದ ಶಾಲೆಯೊಂದರ ಮೂಲೆಯಲ್ಲಿ ಹಳೆಯ, ನಿಧಾನಗತಿಯ ಗಣಕ ಧೂಳು ಹಿಡಿದು ಕುಳಿತಿದ್ದರೆ, ಹಣ ತೆರದೆ ಲಿನಕ್ಸ್‌ನೊಡನೆ ಇದನ್ನು ಅಳವಡಿಸಿ, ಮಕ್ಕಳು ಅದರಲ್ಲೇ ಲೆಕ್ಕ, ಬರಹಗಳನ್ನು ಮಾಡಬಹುದು.