ಮಂಗಳೂರಿನಿಂದ ದುಬೈಗೆ: ದೂರವೆಷ್ಟು, ಹೊತ್ತೆಷ್ಟು?

ಕಾಸರಗೋಡಿನ ಕಡೆಯ ಮನೆಗಳಲ್ಲಿ ಗಲ್ಫಿನ ಟಿಕೆಟು ಹೊಸ ವಸ್ತುವಲ್ಲ. ತಂದೆಯದೋ ಮಾವನದೋ ಟಿಕೆಟನ್ನು ವಿದ್ಯಾರ್ಥಿಗಳಾದ ನೀವೂ ನೋಡಿರುತ್ತೀರಿ. ಆದರೆ ಅದರಲ್ಲಿರುವ ಗಂಟೆಗಳನ್ನು ಸರಿಯಾಗಿ ಓದುವವರು ಕಡಿಮೆ. ಮಂಗಳೂರು ಬಿಡುವುದು ಬೆಳಗ್ಗೆ 10-00, ದುಬೈ ಸೇರುವುದು ಮಧ್ಯಾಹ್ನ 12-00 ಎಂದು ಇದೆಯೆನ್ನೋಣ. ಕಳೆದರೆ 2 ಗಂಟೆ. ಹಾಗೆಂದು ನಮ್ಮ ಗಡಿಯಾರದ 12ಕ್ಕೇ ಫೋನಿನ ಬಳಿ ಕುಳಿತರೆ ಅಜ್ಜಿಯ ಎದೆ ಒಂದೂವರೆ ಗಂಟೆ ಸುಮ್ಮನೆ ಹೊಡೆದುಕೊಳ್ಳುತ್ತದೆ. ವಿಮಾನ ಆಗಿನ್ನೂ ಅರಬೀ ಸಮುದ್ರದ ಮೇಲಿರುತ್ತದೆ!

ಟಿಕೆಟಿನಲ್ಲಿ ಆಯಾ ಊರಿನ ಸಮಯವನ್ನೇ ಬರೆದಿರುತ್ತಾರೆ. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುವುದರಿಂದ ಒಂದು ಡಿಗ್ರಿಗೆ 4 ನಿಮಿಷ. ಭಾರತದ ಗಡಿಯಾರ ನಡೆಯುವುದು 82½ ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ದುಬೈಯದು 60 ಡಿಗ್ರಿಯ ಲೆಕ್ಕದಲ್ಲಿ. ವ್ಯತ್ಯಾಸ 22½ ಡಿಗ್ರಿ. ಅದನ್ನು 4ರಿಂದ ಗುಣಿಸಿದರೆ 90 ನಿಮಿಷ. ಆದ್ದರಿಂದ ಪ್ರಯಾಣದ ನಿಜವಾದ ಕಾಲ 2 ಗಂಟೆಯಲ್ಲ, ಮೂರೂವರೆ ಗಂಟೆ. (ನಾವಿರುವುದು 75 ಡಿಗ್ರಿಯ ಹತ್ತಿರ. ಹಾಗಾಗಿ ಶಾಲೆಯ ಅಂಗಳದ ಕಂಬದ ನೆರಳು ಅತಿ ಚಿಕ್ಕದಾಗುವುದು 12ಕ್ಕಲ್ಲ, ಹೆಚ್ಚುಕಡಿಮೆ 12-30ಕ್ಕೆ. ಒಂದು ದಿನ ಅಳೆದು ನೋಡಿ.)

ಇನ್ನು ದೂರ. ಗೋಡೆಯ ನಕಾಶೆಯಲ್ಲಿ ಅಡಿಕೋಲು ಇಟ್ಟು ಪ್ರಯೋಜನವಿಲ್ಲ; ಉರುಟಾದ ಭೂಮಿಯನ್ನು ಚಪ್ಪಟೆ ಮಾಡಿದಾಗ ಅಳತೆ ಕೆಡುತ್ತದೆ. 30 ಸೆಂಟಿಮೀಟರ್ ವ್ಯಾಸದ ಗೋಲ ಶಾಲೆಯಲ್ಲಿದ್ದರೆ ಎರಡು ಊರುಗಳ ನಡುವೆ ನೂಲು ಬಿಗಿದು ಹಿಡಿಯಿರಿ. ನೂಲಿನ ಉದ್ದ 6 ಸೆಂಟಿಮೀಟರಿಗೆ ತುಸು ಕಡಿಮೆ ಬಂದೀತು. ಗೋಲದ ಸುತ್ತಳತೆ ಸುಮಾರು 94 ಸೆಂ.ಮೀ., ಭೂಮಿಯದು ಸುಮಾರು 40,000 ಕಿ.ಮೀ.; ಅಂದರೆ ಒಂದು ಸೆಂಟಿಮೀಟರಿಗೆ 425 ಕಿ.ಮೀ. ಗುಣಿಸಿದರೆ ಸುಮಾರು 2,450 ಕಿ.ಮೀ. ಆಗುತ್ತದೆ.

ಗಂಟೆಗೆ 820 ಕಿ.ಮೀ. ವೇಗದಲ್ಲಿ ಇದು 3 ಗಂಟೆಯ ದಾರಿ. ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು? ಏರಲು, ಇಳಿಯಲು, ಇಳಿಯುವ ಸರದಿ ಕಾಯಲು ಸ್ವಲ್ಪ, ಉಳಿದದ್ದು ಗಾಳಿಗೆ. ಚಳಿಗಾಲದಲ್ಲಿ ಅರೇಬಿಯದಿಂದ ಉತ್ತರ ಭಾರತದವರೆಗೆ ಎತ್ತರದಲ್ಲಿ ಪಶ್ಚಿಮದಿಂದ ಬಲವಾದ ಗಾಳಿ ಬೀಸುತ್ತದೆ. ಅದು ಹೋಗುವವರಿಗೆ ಎದುರು, ಬರುವವರಿಗೆ ಹಿಂದಿನಿಂದ ತಳ್ಳುವ ಕೈ. ಮಳೆಗಾಲದ ಸಂಗತಿ ಇನ್ನೂ ಸ್ವಾರಸ್ಯಕರ. ಆಟಿ ತಿಂಗಳಲ್ಲಿ ನಮ್ಮ ತೆಂಗುಗಳನ್ನು ಬಗ್ಗಿಸುವ ಗಾಳಿ ಪಶ್ಚಿಮದ ಕಡಲಿನಿಂದ ಬರುತ್ತಿದ್ದರೆ, ಅದೇ ಹೊತ್ತಿಗೆ ಹನ್ನೆರಡು ಕಿಲೋಮೀಟರಿಗೂ ಮೇಲೆ ಪ್ರಬಲವಾದ ಗಾಳಿ ಪೂರ್ವದಿಂದ ಹರಿಯುತ್ತಿರುತ್ತದೆ. ಈ ಪೂರ್ವದ ಗಾಳಿಹೊನಲನ್ನು 1958ರಲ್ಲಿ ವಿವರಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ.

2006ರಲ್ಲಿ ಮಂಗಳೂರಿನಿಂದ ನೇರ ವಿಮಾನ ಆರಂಭವಾಗುವ ಮೊದಲು ನಮ್ಮವರು ಮುಂಬಯಿಗೋ ಕೋಝಿಕ್ಕೋಡಿಗೋ ಹೋಗಿ ವಿಮಾನ ಹತ್ತಬೇಕಿತ್ತು. ಬಸ್ಸು ರೈಲುಗಳ ಆ ಹೊತ್ತು ಈ ಲೆಕ್ಕದಲ್ಲಿ ಸೇರಿಲ್ಲ.

ಕೊನೆಗೊಂದು ಲೆಕ್ಕ. ದುಬೈ ಬಿಡುವುದು 14ರ ರಾತ್ರಿ 11-50. ಮಂಗಳೂರು ತಲಪುವುದು ಬೆಳಗಿನ ಜಾವ 4-40. ಪ್ರಯಾಣದ ಕಾಲವೆಷ್ಟು? ಬರುವಾಗ ಒಂದೂವರೆ ಗಂಟೆಯನ್ನು ಕೂಡಿಸಬಾರದು, ಕಳೆಯಬೇಕು. ಉತ್ತರ 3 ಗಂಟೆ 20 ನಿಮಿಷ. ಬಜ್ಪೆಗೆ ಕಾರು ಗೊತ್ತುಮಾಡುವ ಹಿರಿಯರು ತಾರೀಕನ್ನೂ ನೋಡಿಕೊಳ್ಳಬೇಕು: 14ರ ಬೆಳಗಿನ ಜಾವ ಹೋದರೆ ಅಲ್ಲಿ ಯಾರೂ ಇಳಿಯುವುದಿಲ್ಲ. ಮಗ ಇಳಿಯುವುದು 15ಕ್ಕೆ.